ರೊಟ್ಟಿ ಚಿತ್ರದ ಮುಂದೆ ಅಕ್ಕೋರು

ಅಕ್ಕೋರು ಚಿತ್ರದ ಕಡೆ ಎಂದೂ ಬೆರಳು ಮಾಡಿ ತೋರಿಸಿದವರಲ್ಲ, ಗದ್ದದಿಂದ ತೋರಿಸುತ್ತಿದ್ದರು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಕುತ್ತಿಗೆಯನ್ನು ತುಸು ಮುಂದಕ್ಕೆ ಚಾಚಿ, ಗದ್ದದ ಮೇಲಿನ ಕಡಲೆಕಾಳಿನಷ್ಟು ದೊಡ್ಡ ಮಚ್ಚೆಯನ್ನು ಚಿತ್ರದ ಯಾವ ಮೂಲೆಗೆ ತಿರುಗಿಸುತ್ತಾರೋ ಆ ಮೂಲೆಯನ್ನು ನಾವು ನೋಡಬೇಕು. ಮಚ್ಚೆಯಲ್ಲಿ ಎರಡು ಬಿಳಿ ಕೂದಲಿದ್ದವು. ಹೊಸದಾಗಿ ಬಂದ ಮಕ್ಕಳು ಚಿತ್ರ ಬಿಟ್ಟು ಆ ಕೂದಲನ್ನೇ ನೋಡುತ್ತಿದ್ದರು. "ಅದನ್ನ ನೋಡೋದು ಮುಗೀತಂದ್ರ ಹೇಳ್ರಿ ಸಾಹೇಬ್ರ, ಆಮ್ಯಾಲ ಚಿತ್ರಕ್ಕ ಹೋಗೂಣು" ಎಂದು ಅಕ್ಕೋರು ಸಾವಧಾನವಾಗಿ ಕಾಯುತ್ತಿದ್ದರು. ಬೆರಳು ಯಾಕೆ ತೋರಿಸುವುದಿಲ್ಲವೆಂದು ನಾನೊಮ್ಮೆ ಕೇಳಿದ್ದಕ್ಕೆ, "ಬೆರಳು ತೋರಿಸಿದ್ರ ಮಂದಿ ಉಂಗುರ ನೋಡ್ತಾರ" ಎಂದರು. ಅವರ ಬೆರಳಲ್ಲಿ ಉಂಗುರವೇ ಇರಲಿಲ್ಲ.

ಹೊಸಪೇಟೆಯಿಂದ ಹಂಪಿಯ ಕಡೆ ಹೋಗುವ ರಸ್ತೆಯಲ್ಲಿ, ಬಾಳೆ ತೋಟಗಳು ಶುರುವಾಗುವಲ್ಲಿ ಒಂದು ಹಳೆಯ ಬಂಗಲೆ ಇದೆ. ಅದಿರಿನ ವ್ಯಾಪಾರದಲ್ಲಿ ಕೈತುಂಬ ಗಳಿಸಿದ ಯಜಮಾನರೊಬ್ಬರು ಹೋದ ಹೋದ ಊರಿನಿಂದ ಚಿತ್ರಗಳನ್ನು ಕೊಂಡು ತರುತ್ತಿದ್ದರಂತೆ. ಮನೆಯ ಗೋಡೆಗಳೆಲ್ಲ ತುಂಬಿ, ಇನ್ನೊಂದು ಚಿತ್ರ ಒಳಗೆ ಬಂದರೆ ತಾನು ಹೊರಗೆ ಹೋಗುವುದಾಗಿ ಹೆಂಡತಿ ಹೇಳಿದ ಮೇಲೆ, ಆ ಬಂಗಲೆಯನ್ನು ಮ್ಯೂಸಿಯಂ ಮಾಡಿ ಚಿತ್ರಗಳನ್ನೆಲ್ಲ ಅಲ್ಲಿಗೆ ಸಾಗಿಸಿದರು. ಶನಿವಾರ ಮಕ್ಕಳಿಗೆ, ಭಾನುವಾರ ದೊಡ್ಡವರಿಗೆ. ಮೊದಲು ಚಿತ್ರಗಳ ಮುಂದೆ ಒಂದು ಸುತ್ತು, ಆಮೇಲೆ ಹಿಂದಿನ ಪಡಸಾಲೆಯಲ್ಲಿ ಚಿತ್ರ ಬರೆಯುವ ಕೆಲಸ. ಇವೆರಡನ್ನೂ ನಡೆಸುತ್ತಿದ್ದವರು ಅಕ್ಕೋರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನು ಹಾಗೆಯೇ ಕರೆಯುವುದು. ಸಂಡೂರಿನ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾಗಿದ್ದ ಅವರು ಅಲ್ಲಿಂದಲೇ ಬಸ್ಸಿನಲ್ಲಿ ಬರುತ್ತಿದ್ದರು. ಬಿಳಿ ಸೀರೆಯನ್ನೇ ಉಡುತ್ತಿದ್ದರು. ಸೀರೆಯ ಅಂಚು ಮಾತ್ರ ಅದಿರಿನ ದೂಳಿಗೆ ಕೆಂಪಾಗಿ, ಅದೇ ಒಂದು ಕುಸುರಿಯ ಅಂಚಿನಂತೆ ಕಾಣುತ್ತಿತ್ತು.

ನಾನು ಅಲ್ಲಿಗೆ ಹೋದದ್ದು ಕಲೆಯ ಮೇಲಿನ ಪ್ರೀತಿಯಿಂದಲ್ಲ. ನಮ್ಮದು ಬಸ್ ನಿಲ್ದಾಣದ ಹತ್ತಿರ ಒಂದು ಔಷಧಿ ಅಂಗಡಿ. ಗಂಡ ಸರಕು ನೋಡಿಕೊಳ್ಳುತ್ತಾರೆ, ನಾನು ಕೌಂಟರ್ ನೋಡಿಕೊಳ್ಳುತ್ತೇನೆ. ಚಿಂತೆ ಮಾಡುವ ಸ್ವಭಾವದವರು ಮಾಡಬಾರದ ಉದ್ಯೋಗವೊಂದಿದ್ದರೆ ಅದು ಇದೇ. ಡಬ್ಬಿಯೊಳಗಿನ ಸಣ್ಣಕ್ಷರದ ಚೀಟಿಗಳನ್ನು ಗಿರಾಕಿಗಳು ಓದುವುದಿಲ್ಲ, ನಾನು ಓದುತ್ತೇನೆ. ಬೆಳಿಗ್ಗೆ ಯಾರಿಗೋ ಥೈರಾಯ್ಡ್ ಮಾತ್ರೆ ಕೊಟ್ಟರೆ ಮಧ್ಯಾಹ್ನದ ಹೊತ್ತಿಗೆ ನನ್ನ ಗಂಟಲು ದಪ್ಪಗಾಗುತ್ತದೆ. ಎದುರಿನ ಡಾಕ್ಟರು ನನ್ನ ಗಂಟಲು, ಮೂತ್ರಪಿಂಡ, ಎಡಗೈ ಜೋಮು ಎಲ್ಲವನ್ನೂ ನೋಡಿ ನೋಡಿ ಸಾಕಾಗಿ ಒಂದು ದಿನ, "ಮೇಡಂ, ನಿಮಗ ಬರೋ ರೋಗ ಎಲ್ಲಾ ನಿಮ್ಮ ಕಪಾಟಿನಾಗ ಅದಾವ. ಭಾನುವಾರ ಕಪಾಟು ಬಿಟ್ಟು ಎಲ್ಲ್ಯಾರ ಹೋಗ್ರಿ" ಎಂದರು. ಹತ್ತಿರದಲ್ಲಿದ್ದದ್ದು ಈ ಮ್ಯೂಸಿಯಂ.

ಅಕ್ಕೋರದ್ದೊಂದು ಉಲ್ಟಾ ಪದ್ಧತಿ. ಮೂಗಿನಲ್ಲಿ ಸಿಂಬಳ ಸುರಿಸುವ ಮಕ್ಕಳಿಗೆ "ಬರ್ರಿ, ಕುಂದ್ರಿ, ಸಾಹೇಬ್ರ ಏನ್ ಕಂಡ್ರಿ" ಎಂದು ಬಹುವಚನ. ನೌಕರಿ, ಸಂಸಾರ, ಸೊಂಟನೋವು ಎಲ್ಲ ಇರುವ ನಮಗೆ ಏಕವಚನ. ಮೊದಲ ದಿನವೇ ನನ್ನ ಕೈಯಿಂದ ರಬ್ಬರ್ ಕಿತ್ತುಕೊಂಡರು.

"ಔಷಧಿ ತಂಗಿ, ಇದನ್ನ ಇಲ್ಲಿ ತರಬ್ಯಾಡ. ತಪ್ಪು ಗೆರಿ ಅಲ್ಲೇ ಇರ್ಲಿ. ಬಾಜೂಕ ಇನ್ನೊಂದು ಹಾಕು."

"ಎರಡೂ ಕಾಣ್ತಾವಲ್ರಿ ಅಕ್ಕೋರ."

"ಕಾಣ್ಲಿ. ಯಾರ ಗಂಟು ಹೋಗ್ತದ."

ನನ್ನ ಮೊದಲ ಬಾಳೆಗೊನೆಗೆ ಎಷ್ಟು ಬಾಜೂಕದ ಗೆರೆಗಳಿದ್ದವೆಂದರೆ, ಅದು ಮುಳ್ಳುಹಂದಿಯ ಹಾಗೆ ಕಾಣುತ್ತಿತ್ತು. ಮನೆಯಲ್ಲಿ ಗಂಡ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಪ್ರಾಣಿ ಚೆನ್ನಾಗಿ ಬಂದಿದೆ ಎಂದರು.

ಆಗಾಗ ನಮ್ಮನ್ನು ಹಂಪಿಗೂ ಕರೆದೊಯ್ಯುತ್ತಿದ್ದರು. ಇಡೀ ಹಂಪಿ ಬಿಟ್ಟು, ಒಂದು ಜಗತಿಯ ಕಲ್ಲಿನಲ್ಲಿ ಕೊರೆದ ಆನೆ ಸಾಲಿನ ಮುಂದೆ ಕೂರಿಸಿ, ಪ್ರತಿಯೊಬ್ಬರಿಗೂ ಒಂದೊಂದು ಆನೆಯ ಒಂದೇ ಒಂದು ಕಾಲನ್ನು ಬರೆಯಲು ಹೇಳಿದರು. ನಮ್ಮ ಗುಂಪಿನಲ್ಲಿ ಕಾಲುವೆ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರೊಬ್ಬರಿದ್ದರು. ಬಿಸಿಲಿಗೆ ಟವೆಲ್ ಹೊದ್ದು ಅವರು ಗೊಣಗಿದರು: "ಅಕ್ಕೋರ, ಇಲ್ಲೀ ತನಕ ಬಂದು ಬರೇ ಕಾಲು ನೋಡಿ ಹೋಗೋದೇನ್ರಿ?"

"ನಿಂದು ಎಷ್ಟನೇ ಸಲ ಹಂಪಿಗೆ ಬರೋದು?"

"ಲೆಕ್ಕ ಇಲ್ರಿ. ಬೀಗರು ಬಂದಾಗೆಲ್ಲ ಬಂದೀನಿ."

"ಆನಿ ಕಾಲಿಗೆ ಉಗುರು ಅದಾವೋ ಇಲ್ಲೋ, ಹೇಳು ನೋಡೂಣು."

ಎಂಜಿನಿಯರು ಸುಮ್ಮನೆ ಪೆನ್ಸಿಲ್ ಕೆತ್ತತೊಡಗಿದರು. ಆ ದಿನ ನಾನು ಸಂಜೆಯವರೆಗೆ ಬಿಸಿಲಲ್ಲಿ ಕೂತಿದ್ದೆ. ಬಿಸಿಲು ತಗುಲಿದರೆ ಏನೇನಾಗುತ್ತದೆಂಬುದು ನೆನಪಿಗೇ ಬರಲಿಲ್ಲ. ನನಗೆ ಅಷ್ಟು ಹೊತ್ತು ಯಾವ ರೋಗವೂ ಇಲ್ಲದೆ ಇದ್ದದ್ದು ಅದೇ ಮೊದಲು. ಅದಕ್ಕಾಗಿಯೇ ಅಕ್ಕೋರನ್ನು ನಂಬಿದೆ ಎಂದು ಕಾಣುತ್ತದೆ.

ಮ್ಯೂಸಿಯಂನ ಸುತ್ತಿನಲ್ಲಿ ಅವರು ಎಲ್ಲ ಚಿತ್ರಗಳನ್ನೂ ತೋರಿಸುತ್ತಿರಲಿಲ್ಲ. ಎರಡೋ ಮೂರೋ ಚಿತ್ರ, ಅಷ್ಟೇ. ಅವುಗಳ ಮುಂದೆ ಜಮಖಾನ ಹಾಸಿ ಕೂರಿಸುತ್ತಿದ್ದರು. ಏನು ಕಾಣುತ್ತದೆ ಎಂದು ಒಬ್ಬೊಬ್ಬರನ್ನೂ ಕೇಳಿ, ಕೊನೆಗೆ ತಾವೊಂದು ಕಥೆ ಹೇಳುತ್ತಿದ್ದರು. ಒಂದು ಚಿತ್ರದಲ್ಲಿ ನಡುಹೊಳೆಯ ಹರಿಗೋಲಿನಲ್ಲಿ ಒಬ್ಬ ಮುದುಕ ಕೂತಿದ್ದಾನೆ, ಕೈಯಲ್ಲಿ ಹುಟ್ಟು ಇಲ್ಲ. ಹೆಂಡತಿಯ ಬೂದಿ ಬಿಡಲು ಹೋದವನು, ಬೂದಿಯ ಗಡಿಗೆಯ ಜೊತೆಗೆ ಹುಟ್ಟನ್ನೂ ನೀರಿಗೆ ಬಿಟ್ಟನಂತೆ. ಹೊಳೆ ಎಲ್ಲಿ ಒಯ್ದು ಹಾಕುತ್ತದೋ ಅಲ್ಲಿ ಇಳಿಯುತ್ತೇನೆಂದು ಕೂತನಂತೆ. ಕೊನೆಗೆ ಯಾರದೋ ಕಬ್ಬಿನ ಗದ್ದೆಯ ಬದುವಿಗೆ ಹೋಗಿ ಸಿಕ್ಕಿಕೊಂಡು, ಗದ್ದೆಯವನ ಕೈಯಲ್ಲಿ ಬೈಸಿಕೊಂಡು, ಹೊತ್ತು ಮುಳುಗುವುದರೊಳಗೆ ಮನೆಗೆ ಬಂದು ಉಂಡನಂತೆ. ಇದನ್ನು ಕೇಳಿ ನಾನು ಅತ್ತೆ, ನಕ್ಕೆ. ಕೌಂಟರಿನಲ್ಲಿ ಗಿರಾಕಿಗಳಿಗೂ ಹೇಳಿದೆ. ಔಷಧಿಗಿಂತ ಆ ಕಥೆಯೇ ಹೆಚ್ಚು ಹೋಯಿತು.

ಇನ್ನೊಂದು ಚಿತ್ರವನ್ನು ನಾವು ರೊಟ್ಟಿ ಚಿತ್ರ ಎನ್ನುತ್ತಿದ್ದೆವು. ಯಾರು ಬರೆದದ್ದೋ, ಸಹಿ ಇಲ್ಲ. ಒಂದು ಅಡುಗೆ ಮನೆ. ಒಲೆಯ ಮೇಲೆ ಹಂಚು, ಹಂಚಿನ ಮೇಲೆ ರೊಟ್ಟಿ, ರೊಟ್ಟಿಯಿಂದ ಸಣ್ಣಗೆ ಹೊಗೆ. ಬಾಗಿಲಲ್ಲಿ ಒಬ್ಬಳು ತಲೆಯ ಮೇಲೆ ಸೆರಗು ಹೊದ್ದು, ನಮಗೆ ಬೆನ್ನು ಮಾಡಿ ಹೊಸ್ತಿಲು ದಾಟುತ್ತಿದ್ದಾಳೆ. "ಎಲ್ಲಿಗೆ ಹೊಂಟಾಳ ಈಕಿ?" ಎಂದು ಅಕ್ಕೋರು ಕೇಳಿದರೆ ಒಬ್ಬರು ಹಾಲಿನವನು ಬಂದಿದ್ದಾನೆ ಎನ್ನುವರು, ಒಬ್ಬರು ಎಮ್ಮೆ ಕಟ್ಟು ಬಿಚ್ಚಿಕೊಂಡಿದೆ ಎನ್ನುವರು. ಎಂಜಿನಿಯರು ಮಾತ್ರ, ನಳ ಬಂದಿರಬೇಕು, ಕೊಡ ಹಚ್ಚಲು ಓಡುತ್ತಿದ್ದಾಳೆ ಎಂದರು. ನಾನು ಏನೂ ಹೇಳಲಿಲ್ಲ. ಆಮೇಲೆ ಪಡಸಾಲೆಯಲ್ಲಿ ನೋಡಿದ ಚಿತ್ರವನ್ನು ನೆನಪಿನಿಂದ ಬರೆಯಿರೆಂದಾಗ ಎಲ್ಲರೂ ಹೆಂಗಸನ್ನು ಬರೆದರು. ನಾನು ರೊಟ್ಟಿಯೊಂದನ್ನೇ ಬರೆದು ಕಪ್ಪು ತುಂಬಿದೆ.

ಎಲ್ಲರೂ ಹೋದ ಮೇಲೆ ನಳದ ಹತ್ತಿರ ಕುಂಚ ತೊಳೆಯುತ್ತಿದ್ದಾಗ ಅಕ್ಕೋರು ಬಂದು ಪಕ್ಕದಲ್ಲಿ ನಿಂತರು. "ಅದು ಇನ್ನಾ ಸುಟ್ಟಿಲ್ಲ ತಂಗಿ. ನೀ ಯಾಕ ಸುಟ್ಟಿ?" ಎಂದರು.

ಗಂಡನಿಗೂ ಹೇಳದೇ ಇದ್ದದ್ದನ್ನು ನಾನು ಹೇಳಿದೆ. ಆಗ ನಾವು ಕಂಪ್ಲಿಯಲ್ಲಿದ್ದೆವು. ನಾನು ಮೂರನೇ ಇಯತ್ತೆ. ಬೆಳಿಗ್ಗೆ ಶಾಲೆಗೆ ಹೋಗುವ ಮುನ್ನ ಒಲೆಯ ಮುಂದೆ ಕೂತಿದ್ದೆ. ಅವ್ವ ರೊಟ್ಟಿ ಬಡಿದು ಹಂಚಿಗೆ ಹಾಕಿದವಳು ಕೈ ತೊಳೆದು ಎದ್ದಳು, ಸೆರಗು ಹೊದ್ದಳು, "ಬಂದೆ" ಅಂದಳು, ಹೋದಳು. ಬರಲಿಲ್ಲ. ರೊಟ್ಟಿ ಕಪ್ಪಾಗುವವರೆಗೂ ನಾನು ನೋಡುತ್ತಾ ಕೂತೆ. ಮಗುಚಿದರೆ ಅವ್ವ ಬರುವುದಿಲ್ಲವೇನೋ ಅಂತ. ಹೊಗೆ ದಾರ ಎಳೆದಂತೆ ನೆಟ್ಟಗೆ ಮೇಲೆ ಹೋಗುತ್ತಿತ್ತು. ಅವ್ವ ತಿರುಗಿ ಬಂದದ್ದು ಭತ್ತದ ಕೊಯ್ಲು ಮುಗಿದ ಮೇಲೆ. ಕಾಮಾಲೆಯಾಗಿ ತವರಾದ ಗಾದಿಗನೂರಿಗೆ ಎಲೆ ಔಷಧಿಗೆ ಹೋಗಿದ್ದಾಳೆಂದು ಅಪ್ಪ ಊರಿಗೆಲ್ಲ ಹೇಳಿದ್ದರು. ಬಂದವಳು ಅಡುಗೆ ಮನೆಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಯಾಕೆ ಹೋಗಿದ್ದೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವ ಹೊಸಪೇಟೆಯಲ್ಲಿ ನನ್ನ ಜೊತೆಯಲ್ಲೇ ಇದ್ದಾಳೆ. ಇವತ್ತಿಗೂ ಅವಳು ಅಡುಗೆ ಮನೆಯಿಂದ ಎದ್ದರೆ ನನ್ನ ಕಿವಿ ಮುಂಬಾಗಿಲ ಚಿಲಕದ ಕಡೆ ಹೋಗುತ್ತದೆ. ನನ್ನ ಚಿಂತೆಗಳಿಗೆಲ್ಲ ಬೇರೆ ಬೇರೆ ಹೆಸರಿದ್ದರೂ ಮೂಲ ಅದೊಂದೇ: ಅವ್ವ ಯಾಕೆ ಹೋದಳು, ಮತ್ತೆ ಹೋಗುತ್ತಾಳೆಯೇ.

ಅಕ್ಕೋರು ಪೂರ್ತಿ ಕೇಳಿದರು. ಕೊನೆಗೆ ನಳ ನಿಲ್ಲಿಸಿ, "ಚಲೋ ಮಾಡಿದಿ, ಹೇಳಿದಿ" ಎಂದರು. ಆ ವಾರ ನಾನು ಡಾಕ್ಟರ ಹತ್ತಿರ ಹೋಗಲಿಲ್ಲ.

ಮಾರನೆಯ ವರ್ಷ ಮ್ಯೂಸಿಯಂನವರು ವಯಸ್ಸಾದ ಹೆಂಗಸರಿಗೆಂದು ಉಚಿತ ಸುತ್ತುಗಳನ್ನು ಇಟ್ಟರು. ಅವ್ವನ ಭಜನಾ ಮಂಡಳಿಯ ಹೆಂಗಸರು ಒಂದು ಟೆಂಪೋ ಮಾಡಿಕೊಂಡು ಹೊರಟರು. ನಾನೂ ಹೋದೆ. ಹೋಗುವ ಮುನ್ನ ಅವ್ವನ ಮೊಣಕಾಲಿಗೆ ಮುಲಾಮು, ತಲೆಸುತ್ತಿಗೆ ಮಾತ್ರೆ, ವಾಂತಿಗೆ ಮಾತ್ರೆ, ಸಕ್ಕರೆ ಉಪ್ಪಿನ ನೀರು, ಬಂಗಲೆಯ ಮೆಟ್ಟಿಲಿನ ಎತ್ತರ, ಶೌಚಾಲಯದ ದೂರ ಎಲ್ಲವನ್ನೂ ಯೋಚಿಸಿ ಇಟ್ಟುಕೊಂಡಿದ್ದೆ. ಚಿಂತೆಯಲ್ಲಿ ನನಗಿರುವಷ್ಟು ಅನುಭವ ಊರಲ್ಲಿ ಇನ್ನೊಬ್ಬರಿಗಿಲ್ಲ. ಆದರೂ ಏಟು ಬಿದ್ದದ್ದು ನಾನು ಚಿಂತೆ ಮಾಡದೆ ಬಿಟ್ಟಿದ್ದ ಒಂದೇ ಒಂದು ಕಡೆಯಿಂದ.

ಟೆಂಪೋ ಇಳಿಯುವ ಗದ್ದಲದಲ್ಲಿ "ನಮ್ಮವ್ವ" ಎಂದು ಅಕ್ಕೋರಿಗೆ ಪರಿಚಯ ಮಾಡಿದ್ದೆ. ಅವರು ಗದ್ದ ಆಡಿಸಿದ್ದರು. ಹರಿಗೋಲು ಮುಗಿಸಿ ರೊಟ್ಟಿ ಚಿತ್ರಕ್ಕೆ ಬಂದೆವು. ಹೆಂಗಸರಿಗೆ ಕುರ್ಚಿ ಹಾಕಿದ್ದರು, ನಾನು ಹಿಂದೆ ಗೋಡೆಗೊರಗಿ ನಿಂತಿದ್ದೆ. ಎಲ್ಲಿಗೆ ಹೊರಟಿದ್ದಾಳೆ ಎಂದು ಎಲ್ಲರನ್ನೂ ಕೇಳಿದ ಅಕ್ಕೋರು ಕೊನೆಗೆ ದನಿ ತಗ್ಗಿಸಿ ಶುರು ಮಾಡಿದರು: "ಈಕಿ ಕಂಪ್ಲಿ ಹೆಣ್ಮಗಳು. ಮನಿಯಾಗ ಮೂರನೇ ಇಯತ್ತೆ ಓದೋ ಒಂದು ಹುಡುಗಿ..."

ನಾನು ಹೇಳಿದ್ದೇ ಬಂತು. ಕೈ ತೊಳೆದದ್ದು, "ಬಂದೆ" ಅಂದದ್ದು, ಕಾಮಾಲೆ, ಎಲೆ ಔಷಧಿ, ಭತ್ತದ ಕೊಯ್ಲು. ದಾರ ಎಳೆದಂಥ ಹೊಗೆ ಕೂಡ ಬಂತು, ನನ್ನ ಮಾತಿನಲ್ಲೇ. ಅವರ ದನಿಯ ಏರಿಳಿತ ಎಷ್ಟು ಪಳಗಿತ್ತೆಂದರೆ, ಇದು ಮೊದಲ ಸಲವಲ್ಲ ಎಂಬುದು ತಿಳಿಯುತ್ತಿತ್ತು. ವರ್ಷವಿಡೀ ಶಾಲೆ ಮಕ್ಕಳು, ಪ್ರವಾಸಕ್ಕೆ ಬಂದವರು, ಬ್ಯಾಂಕಿನವರು ಎಲ್ಲರೂ ಆ ಜಮಖಾನದ ಮೇಲೆ ಕೂತು ನಮ್ಮ ಅಡುಗೆ ಮನೆ ನೋಡಿ ಹೋಗಿದ್ದರು.

"ಯಾಕ ಹೋಗಿರಬೇಕು ಆಕಿ?" ಎಂದರು ಅಕ್ಕೋರು.

"ಗಂಡ ಬಡಿದಿರಬೇಕು" ಎಂದರು ಒಬ್ಬರು.

"ಬಡಿದ್ರ ಹೋಗಾಕ ಬರ್ತದೇನು? ಹಂಗಾದ್ರ ನಾವೆಲ್ಲ ಇಷ್ಟೊತ್ತಿಗೆ ಕಾಶಿ ಮುಟ್ಟತಿದ್ವಿ" ಎಂದರು ಭಜನೆಯಲ್ಲಿ ತಾಳ ಹಾಕುವ ಹೆಂಗಸು. ಎಲ್ಲರೂ ನಕ್ಕರು.

"ಯಾವನಾರ ಇದ್ದಿರಬೇಕು ಬಿಡ್ರಿ. ಕೂಸು ಬಿಟ್ಟು ಹೋಗ್ಯಾಳಂದ್ರ."

ಅವ್ವ ನಗಲಿಲ್ಲ. ನನಗೆ ಅವಳ ತುರುಬು ಮಾತ್ರ ಕಾಣುತ್ತಿತ್ತು. "ಆ ಹುಡುಗಿ ಏನು ಮಾಡಿದ್ಲು?" ಎಂದಳು.

"ಮಗುಚಿದ್ರ ಅವ್ವ ಬರಂಗಿಲ್ಲೇನೋ ಅಂತ, ರೊಟ್ಟಿ ಕಪ್ಪಾಗೋ ತನಕ ನೋಡಿಕೊಂತ ಕುಂತ್ಲಂತ, ಅಮ್ಮಾರ."

"ಆವತ್ತು ಏನು ಉಂಡ್ಲು?"

"ಅದನ್ನ ಆಕಿ ಹೇಳಲಿಲ್ಲ" ಎಂದರು.

ಅವ್ವ ತಲೆಯಾಡಿಸಿ ಚಿತ್ರವನ್ನೇ ನೋಡುತ್ತಾ ಕೂತಳು. ತಿರುಗಿ ಬರುವಾಗ ಟೆಂಪೋದಲ್ಲಿ ಹೆಂಗಸರು ಹಾಡಿದರು, ಅವ್ವನೂ ಜೊತೆಗೆ ಹಾಡಿದಳು. ನನ್ನ ಕಡೆ ತಿರುಗಲಿಲ್ಲ. ಆ ರಾತ್ರಿಯಿಂದ ಮುಂಬಾಗಿಲಿಗೆ ಚಿಲಕದ ಜೊತೆ ಬೀಗವನ್ನೂ ಹಾಕತೊಡಗಿದೆ. ಅದನ್ನು ಕಂಡ ಅವ್ವ, "ಕಳ್ಳರು ಬಂದಾರೇನು?" ಎಂದಷ್ಟೇ ಕೇಳಿದಳು.

ಮರುದಿನವೇ ಅಕ್ಕೋರ ಹತ್ತಿರ ಹೋದೆ. ಪಡಸಾಲೆಯಲ್ಲಿ ಮಕ್ಕಳಿಗಾಗಿ ಬಣ್ಣ ಕಲಸುತ್ತಿದ್ದರು. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಬಾಗಿಲಲ್ಲೇ ಉದುರಿಹೋಯಿತು. "ಆಕಿ ನಮ್ಮವ್ವ" ಎಂದೆ.

ಅವರ ಕೈ ನಿಂತಿತು. "ಹೌದಲ್ಲ. ನೀ ಹೇಳಿದ್ದಿ. ಕಥಿ ಹೇಳೋಮುಂದ ನನಗ ಎದುರಿಗೆ ಕುಂತೋರು ಕಾಣಂಗಿಲ್ಲ ತಂಗಿ."

"ನಾ ನಿಮಗ ಅಂತ ಹೇಳಿದ್ದೆ. ಊರಿಗಲ್ಲ."

"ಹೆಸರು ಹೇಳಿಲ್ಲಲ್ಲ ನಾ."

"ಕಂಪ್ಲಿ ಅಂದ್ರಿ. ಕಾಮಾಲೆ ಅಂದ್ರಿ. ಇನ್ನೇನು ಉಳೀತು?"

"ನಿನ್ನ ಮಾತು ಕೇಳಿ ಎಷ್ಟು ಮಂದಿ ಕಣ್ಣೀರು ಹಾಕ್ಯಾರ ಗೊತ್ತೇನು? ಅದಕ್ಕಿಂತ ಮೊದಲ ಆ ಚಿತ್ರದ ಮುಂದ ಯಾರೂ ಕುಂದ್ರತಿದ್ದಿಲ್ಲ. ನಳ ಬಂತು, ಎಮ್ಮಿ ಬಿಚ್ಚಿಕೊಂತು ಅಂತ ಎದ್ದು ಹೋಗತಿದ್ರು."

"ಅದಕ್ಕ ನಮ್ಮವ್ವನ್ನ ಕುಂದ್ರಿಸಿದ್ರೇನು?"

ಅಕ್ಕೋರಿಗೂ ಸಿಟ್ಟು ಬಂತು. ಅವರಿಗೆ ಸಿಟ್ಟು ಬಂದಾಗ ದನಿ ಇನ್ನೂ ತಣ್ಣಗಾಗುತ್ತಿತ್ತು. "ಹರಿಗೋಲಿನ ಕಥಿ ನಿನಗ ಭಾಳ ಸೇರಿತ್ತಲ್ಲ? ಅಂಗಡಿಯಾಗ ಎಲ್ಲಾರ ಮುಂದ ಹೇಳಿದಿ. ಅದು ಯಾರದು ಅಂತ ಒಮ್ಮ್ಯಾರ ಕೇಳಿದ್ದೇನು?"

ನಮ್ಮ ಗುಂಪಿನ ಎಂಜಿನಿಯರಿಗೆ ಹೆಂಡತಿ ಇಲ್ಲವೆಂಬುದೂ, ಹರಿಗೋಲಿನ ಚಿತ್ರ ಬಂದಾಗ ಅವರು ಯಾವಾಗಲೂ ಹೊರಗೆ ಹೋಗಿ ಪೆನ್ಸಿಲ್ ಕೆತ್ತುತ್ತಿದ್ದರೆಂಬುದೂ ನೆನಪಾಯಿತು. ಒಂದು ಕ್ಷಣ ನಾಚಿಕೆಯಾಯಿತು. ಆದರೆ ನನ್ನ ಸಿಟ್ಟು ನಾಚಿಕೆಗೆ ಜಾಗ ಬಿಡುವಷ್ಟು ಸಣ್ಣದಾಗಿರಲಿಲ್ಲ.

"ನಮ್ಮ ಮನೀ ಮಾತು ಇನ್ನೊಮ್ಮೆ ನಿಮ್ಮ ಬಾಯಿಂದ ಬರಬಾರದು. ಯಾರ ಮುಂದೂ ಬರಬಾರದು. ಮಾತು ಕೊಡ್ರಿ."

ಅಕ್ಕೋರು ಬಣ್ಣದ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. "ಕೊಟ್ಟೆ" ಎಂದರು. ತಪ್ಪಾಯಿತು ಎನ್ನಲಿಲ್ಲ. ನಾನು ಭಾನುವಾರಗಳನ್ನು ಬಿಟ್ಟೆ. ಕಪಾಟಿನ ರೋಗಗಳೆಲ್ಲ ಒಂದೊಂದಾಗಿ ಮರಳಿ ಬಂದವು.

ತಿಂಗಳೋ ಎರಡು ತಿಂಗಳೋ ಆಗಿರಬೇಕು. ಒಂದು ಬೆಳಿಗ್ಗೆ ಅವ್ವ ಹೊಸ ಸೀರೆ ಉಟ್ಟು ಬಂದು ಕೌಂಟರ್ ಮುಂದೆ ನಿಂತಳು, ಗಿರಾಕಿಯ ಹಾಗೆ. "ಆ ಚಿತ್ರದ ಹಂತ್ಯಾಕ ನನ್ನ ಕರಕೊಂಡು ಹೋಗು" ಎಂದಳು. ಯಾಕೆ ಎಂದು ಕೇಳಲು ಬಾಯಿ ತೆರೆದೆ, ಎಂದಿನಂತೆ ಕೇಳಲಿಲ್ಲ. ಆಟೋ ಮಾಡಿದೆ.

ಚಿತ್ರದ ಕೋಣೆಯ ಬಾಗಿಲಲ್ಲಿ ಅವ್ವ ನನ್ನನ್ನು ತಡೆದಳು. "ನೀ ಹೊರಗ ಕುಂದ್ರು. ನನಗ ಅಕ್ಕೋರ ಹಂತ್ಯಾಕ ಮಾತೈತಿ."

ಬಾಗಿಲಿಗೆ ಗಾಜಿತ್ತು. ಜಗಲಿಯ ಬೆಂಚಿನಿಂದ ಎಲ್ಲ ಕಾಣುತ್ತಿತ್ತು, ಏನೂ ಕೇಳುತ್ತಿರಲಿಲ್ಲ. ಇಬ್ಬರೂ ಕುರ್ಚಿ ಹಾಕಿಕೊಂಡು ಚಿತ್ರಕ್ಕೆ ಮುಖ ಮಾಡಿ ಪಕ್ಕಪಕ್ಕದಲ್ಲಿ ಕೂತಿದ್ದರು. ಅವ್ವ ಮಾತಾಡುತ್ತಿದ್ದಳು. ಮನೆಯಲ್ಲಿ "ಉಪ್ಪು ಕಮ್ಮಿ", "ಸಂತಿ ಐತಿ" ಎಂಬುದಕ್ಕಿಂತ ಉದ್ದದ ಮಾತಾಡದ ಅವ್ವ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ನಡುನಡುವೆ ಅವಳ ಕೈಗಳು ಏನನ್ನೋ ತಟ್ಟುವಂತೆ, ಯಾರನ್ನೋ ದೂರ ತಳ್ಳುವಂತೆ ಆಡುತ್ತಿದ್ದವು. ಅಕ್ಕೋರು ಒಂದು ಸಲ ಮಾತ್ರ ಅವಳ ಕೈ ಹಿಡಿದರು. ನನ್ನ ಐವತ್ತು ವರ್ಷದ ಪ್ರಶ್ನೆಗೆ ಉತ್ತರ ಆ ಗಾಜಿನ ಆಚೆ ಹೇಳಲ್ಪಡುತ್ತಿದೆ ಎಂದು ನನಗೆ ಗೊತ್ತಿತ್ತು. ನಾನು ಜಗಲಿಯಲ್ಲಿ ಚಪ್ಪಲಿ ಕಾಯುತ್ತಾ ಕೂತಿದ್ದೆ.

ಹೊರಗೆ ಬಂದ ಅವ್ವ ಹಗುರಾಗಿದ್ದಳು. ದಾರಿಯಲ್ಲಿ ಆಟೋ ನಿಲ್ಲಿಸಿ ಕಬ್ಬಿನ ಹಾಲು ಬೇಕೆಂದಳು. ಸಕ್ಕರೆ ಕಾಯಿಲೆಯವಳು. ಕೊಡಿಸಿದೆ; ನನಗೆ ಬೇರೆ ಏನೂ ತೋಚಲಿಲ್ಲ.

ಮಾರನೆಯ ದಿನ ನಾಚಿಕೆ ಬಿಟ್ಟು ಅಕ್ಕೋರ ಮುಂದೆ ನಿಂತೆ.

"ಏನಂದ್ಲು ಅವ್ವ?"

"ಮಾತು ಕೊಟ್ಟೀನಿ ನಿನಗ."

"ಅದು ಹೊರಗಿನೋರಿಗೆ ಹೇಳಬ್ಯಾಡ್ರಿ ಅಂತ."

"ಯಾರ ಮುಂದೂ ಅಂದಿ. ನಿಮ್ಮ ಮನೀ ಮಾತು ನನ್ನ ಬಾಯಿಂದ ಬರಂಗಿಲ್ಲ ತಂಗಿ. ನಿಮ್ಮವ್ವ ಮನಿಯಾಗ ಅದಾಳ. ಹೋಗಿ ಕೇಳು."

ಬೇಡಿಕೊಂಡೆ. ಊರಿನ ಗುಟ್ಟನ್ನೆಲ್ಲ ಚೌಕಟ್ಟು ಹಾಕಿ ಗೋಡೆಗೆ ನೇತುಹಾಕಿದವರು, ನನ್ನದೊಂದಕ್ಕೆ ಬೀಗ ಹಾಕಿಕೊಂಡಿದ್ದೀರಲ್ಲ ಎಂದು ಬೈದೆ ಕೂಡ. ಅವರು ಗದ್ದವನ್ನು ಎದೆಗೆ ಒತ್ತಿಕೊಂಡು ನಿಂತರು.

ಆಮೇಲೆ ನಾನು ಮಾಡಿದ್ದನ್ನು ಹೇಳಿದರೆ ಯಾರಾದರೂ ನಗಬೇಕು. ಮತ್ತೆ ಭಾನುವಾರ ಹೋಗತೊಡಗಿದೆ, ಟಿಕೆಟ್ ಕೊಂಡು, ಬೇರೆ ಊರಿನ ಪ್ರವಾಸಿಗಳ ನಡುವೆ, ಹಿಂದಿನ ಸಾಲಿನಲ್ಲಿ. ರೊಟ್ಟಿ ಚಿತ್ರದ ಕಥೆಯಲ್ಲಿ ಒಂದು ಎಳೆಯಾದರೂ ಜಾರಿ ಬಂದೀತೆಂಬ ಆಸೆ. ಯಾವ ಕಥೆ ಹೇಳಿದ್ದಕ್ಕೆ ಜಗಳವಾಡಿದೆನೋ ಅದೇ ಕಥೆ ಕೇಳಲು ದುಡ್ಡು ಕೊಟ್ಟು ಕೂತಿದ್ದೆ. ಅಕ್ಕೋರು "ಎಲ್ಲಿಗೆ ಹೊಂಟಾಳ ಈಕಿ?" ಎಂದು ಎಲ್ಲರನ್ನೂ ಕೇಳುತ್ತಿದ್ದರು. ಹಾಲಿನವನು, ಎಮ್ಮೆ, ನಳ ಎಲ್ಲ ಬರುತ್ತಿದ್ದವು. ಎಲ್ಲ ಕೇಳಿ, "ಇರಬಹುದು" ಎಂದು ಮುಂದಿನ ಕೋಣೆಗೆ ನಡೆಯುತ್ತಿದ್ದರು. ಹರಿಗೋಲಿನ ಕಥೆಯನ್ನೂ ನಿಲ್ಲಿಸಿಬಿಟ್ಟಿದ್ದರು. ಜನ ಬೇಗ ಬೇಗ ಎದ್ದು ಹೋಗುತ್ತಿದ್ದರು. ಅಕ್ಕೋರು ನನ್ನನ್ನು ಕಂಡರೂ ಕಾಣದಂತೆ ಇರುತ್ತಿದ್ದರು.

ಒಂದು ಮಧ್ಯಾಹ್ನ ಮ್ಯೂಸಿಯಂನಿಂದ ಫೋನ್ ಬಂತು. ಅಕ್ಕೋರು ಬೆಳಿಗ್ಗೆ ಸ್ನಾನ ಮಾಡಿ ಬಸ್ಸಿಗೆ ಹೊರಡಲು ಸಿದ್ಧರಾಗಿ ಕೂತವರು ಕೂತಲ್ಲೇ ಹೋಗಿದ್ದರು. ಸಂಡೂರಿನ ಬಸ್ಸು ಹತ್ತಿದೆ. ಎಂಜಿನಿಯರೂ ಅದೇ ಬಸ್ಸಿನಲ್ಲಿದ್ದರು. ಅಂಗಳದ ತುಂಬ ಅವರ ಸಾಹೇಬರುಗಳು, ಹಳಬರು, ಹೊಸಬರು, ಕೆಲವರು ತಾವೇ ಮಕ್ಕಳನ್ನು ಎತ್ತಿಕೊಂಡು ಬಂದವರು. ಎಲ್ಲರೂ ಅಳುತ್ತಿದ್ದರು. ನನಗೆ ಅಳು ಬರಲಿಲ್ಲ. ಸತ್ತವರ ಮುಖ ನೋಡುತ್ತಾ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ: ಹೇಳದೆ ಹೋದರಲ್ಲ. ಹೂವು ಹಾಕುವಾಗಲೂ ಅದೇ.

ಮನೆಗೆ ಬಂದು ಸ್ನಾನ ಮಾಡಿ ಕೂತಾಗ ಅವ್ವ ಚಹಾ ತಂದಿಟ್ಟಳು.

"ಚಲೋ ಹೆಣ್ಮಗಳು" ಎಂದಳು. ಲೋಟವನ್ನು ನನ್ನ ಕಡೆ ಸರಿಸಿ, "ನಿನಗ ಹೇಳಿದ್ಲಲ್ಲ ಆಕಿ?" ಎಂದಳು.

"ಏನು?"

"ನಾ ಹೇಳಿದ್ದು."

"ಇಲ್ಲವ್ವ."

ಅವ್ವ ನನ್ನನ್ನೇ ನೋಡಿದಳು. "ಒಂದು ಮಾತೂ ಹೇಳಲಿಲ್ಲ? ಅಷ್ಟು ಮಂದಿ ಮುಂದ ಕುಂತು ಎಲ್ಲಾ ಹೇಳೋಳು? ನಿನಗ ಮುಟ್ಟಸ್ತಾಳ ಅಂತನ ಆಕಿಗೆ ಹೇಳಿದ್ನಲ್ಲ ನಾನು."

"ನನಗ ಹೇಳಬಹುದಿತ್ತಲ್ಲವ್ವ."

"ನಿನ್ನ ಮಾರಿ ನೋಡಿಕೊಂತ ಹೆಂಗ ಹೇಳ್ಲಿ?" ಎಂದಳು ಅವ್ವ. "ರೊಟ್ಟಿ ಮಗುಚಲಿಲ್ಲ ಅಂತಲ್ಲ ನೀನು. ಅದನ್ನ ಕೇಳಿದ ಮ್ಯಾಲ ಹೆಂಗ ಹೇಳ್ಲಿ?"

ಅಕ್ಕೋರಿಂದ ಮಾತು ತೆಗೆದುಕೊಂಡದ್ದನ್ನು ನಾನು ಹೇಳಿದೆ. ಅವ್ವ ನನ್ನ ಮುಂದಿನ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಯಾಕೆ ಹೋಗಿದ್ದೆ ಎಂದು ಆವತ್ತು ಕೇಳಿಯೇಬಿಟ್ಟೆ, ಅವಳ ಬೆನ್ನಿಗೆ. "ನಾಳಿ" ಎಂದಳು. ಮರುದಿನವೂ "ನಾಳಿ" ಎಂದಳು. ಅವ್ವನಿಗೆ ಎಂಬತ್ತರ ಹತ್ತಿರ. ಅವಳು ನಾಳಿ ಎಂದಾಗಲೆಲ್ಲ ನಾನು ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡುತ್ತೇನೆ.

ಅಕ್ಕೋರನ್ನು ಕ್ಷಮಿಸಿದ್ದೇನೆಂದು ಯಾರೂ ತಿಳಿಯಬಾರದು. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕೆಂದು ಕೂತರೂ ಪೆನ್ನು ಆ ನಳದ ಹತ್ತಿರವೇ ಹೋಗಿ ನಿಲ್ಲುತ್ತದೆ. ನನ್ನ ಬಾಯಿಂದ ಬಂದದ್ದನ್ನು ಊರಿಗೆ ಹಂಚಿದರು. ನನಗೆ ಬರಬೇಕಾದದ್ದನ್ನು ಕೊಡದೆ ಒಯ್ದರು. ಎರಡನೆಯದಕ್ಕೆ ನನ್ನದೇ ಅಪ್ಪಣೆ ಇತ್ತೆಂಬುದು ಸಿಟ್ಟನ್ನು ಕಡಿಮೆ ಮಾಡುವುದಿಲ್ಲ, ಇನ್ನಷ್ಟು ಉರಿಸುತ್ತದೆ.

ಈಗ ಮ್ಯೂಸಿಯಂನಲ್ಲಿ ಒಬ್ಬ ಹೊಸ ಹುಡುಗಿ ಸುತ್ತು ಮಾಡಿಸುತ್ತಾಳೆ. ಎಲ್ಲ ಚಿತ್ರಗಳನ್ನೂ ತೋರಿಸುತ್ತಾಳೆ, ಬೆರಳು ಮಾಡಿ. ನಾನು ಭಾನುವಾರ ಅವ್ವನನ್ನು ಕರೆದುಕೊಂಡು ಹೋಗುತ್ತೇನೆ. ಗುಂಪು ಮುಂದೆ ಹೋದ ಮೇಲೆ ಎರಡು ಕುರ್ಚಿ ಎಳೆದುಕೊಂಡು, ಅಕ್ಕೋರ ಜೊತೆ ಅವಳು ಕೂತಿದ್ದಂತೆಯೇ ರೊಟ್ಟಿ ಚಿತ್ರಕ್ಕೆ ಮುಖ ಮಾಡಿ ಪಕ್ಕಪಕ್ಕದಲ್ಲಿ ಕೂರುತ್ತೇವೆ. ಅವ್ವನಿಗೆ ನನ್ನ ಮುಖ ಕಾಣುವುದಿಲ್ಲ, ನನಗೆ ಅವಳದು. ಎಷ್ಟೋ ಭಾನುವಾರ ಸುಮ್ಮನೆ ಕೂತು ಎದ್ದು ಬಂದೆವು.

ಕಳೆದ ವಾರ ಅವ್ವ ಗಂಟಲು ಸರಿಮಾಡಿಕೊಂಡಳು.

"ಆವತ್ತು ಹಿಂದಿನ ರಾತ್ರಿಯಿಂದ ನಾ ಉಂಡಿದ್ದಿಲ್ಲ" ಎಂದಳು.

ಅಷ್ಟು ಹೇಳಿ ನಿಲ್ಲಿಸಿದಳು. ನಾನು ತಿರುಗಿ ನೋಡಲಿಲ್ಲ.